ಮೇಲಿನ ಮನೆಯ ಬಿಲ್ಲು ಮತ್ತು ಹಂದಿಯ ಬಲತೊಡೆ

ಪೈವಳಿಕೆಯ ಮೇಲಿನ ಮನೆಯ ಕುಂಞಣ್ಣ ಶೆಟ್ಟರ ಬೇಟೆಬಿಲ್ಲಿನಿಂದ ಯಾವುದಾದರೂ ಪ್ರಾಣಿ ಸತ್ತದ್ದನ್ನು ಕಣ್ಣಾರೆ ಕಂಡವರು ಯಾರೂ ಈಗ ಬದುಕಿಲ್ಲ. ಆದರೆ ಆ ಬಿಲ್ಲಿನ ಹೆಸರಿನಲ್ಲಿ ವರ್ಷಂಪ್ರತಿ ಒಂದು ಹಂದಿಯ ಬಲತೊಡೆ ಆ ಮನೆಗೆ ಬರುತ್ತಿದ್ದದ್ದು ನಿಜ.

ಅದು ಆ ಬೈಲಿನ ಕ್ರಮ. ಮಕರ ತಿಂಗಳು ಮುಗಿಯುವ ಹೊತ್ತಿಗೆ ಭೂಮಿತಾಯಿಯ ಹಬ್ಬ ಕೆಡ್ಡಸ ಬರುತ್ತದೆ. ಆ ದಿನಗಳಲ್ಲಿ ಭೂಮಿಗೆ ಹಾರೆ, ನೇಗಿಲು ತಾಗಿಸಬಾರದು. ತಾಗಿಸಬಾರದು ಎಂದ ಮೇಲೆ ಗಂಡಸರಿಗೆ ಕೆಲಸವಿಲ್ಲ. ಕೆಲಸವಿಲ್ಲದ ಗಂಡಸರು ನಾಯಿ ಕಟ್ಟಿಕೊಂಡು ಗುಡ್ಡ ಹತ್ತುತ್ತಾರೆ. ಹಂದಿ ಬಿದ್ದರೆ ತಲೆ ಕೊಂದವನಿಗೆ, ಎಡತೊಡೆ ನಾಯಿಯವರಿಗೆ, ಬಲತೊಡೆ ಬೇಟೆಬಿಲ್ಲು ತಂದ ಮನೆಗೆ. ಉಳಿದದ್ದು ಎಲ್ಲರಿಗೂ. ಹಿಂದೆ ಹತ್ತಾರು ಮನೆಗಳಿಂದ ಬಿಲ್ಲು ಬರುತ್ತಿದ್ದಾಗ ಬಲತೊಡೆಯನ್ನು ಹಂಚುವಷ್ಟರಲ್ಲಿ ಎಲುಬು ಮಾತ್ರ ಉಳಿಯುತ್ತಿತ್ತಂತೆ. ಆಮೇಲೆ ಎಲ್ಲರೂ ಕೇಪಿನ ಕೋವಿ ಮಾಡಿಸಿಕೊಂಡರು. ಕುಂಞಣ್ಣ ಶೆಟ್ಟರು ಮಾಡಿಸಲಿಲ್ಲ. ಅವರು ಪ್ರತಿ ಕೆಡ್ಡಸಕ್ಕೂ ಹಿರಿಯರ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ಗುಡ್ಡದ ಬುಡದವರೆಗೆ ಹೋಗಿ, ನೆರಳು ನೋಡಿ ಕುಳಿತು, ಎಲೆಯಡಿಕೆ ಜಗಿದು, ಸಂಜೆಗೆ ತೊಡೆಯೊಂದಿಗೆ ಮರಳುತ್ತಿದ್ದರು.

ಈ ವ್ಯವಸ್ಥೆಯ ಬಗ್ಗೆ ಊರಲ್ಲಿ ಯಾರಿಗೂ ದೂರಿರಲಿಲ್ಲ, ಕೆಳಗಿನ ಮನೆಯ ಮಹಾಬಲ ರೈಗಳ ಹೊರತು. ಹೆಚ್ಚಿನ ಹಂದಿಗಳನ್ನು ಕೊಂದದ್ದು ರೈಗಳ ಕೋವಿ. ಅವರಿಗೆ ಸಿಗುತ್ತಿದ್ದದ್ದು ತಲೆ. ತಲೆಯಲ್ಲಿ ಮರ್ಯಾದೆ ಹೆಚ್ಚು, ಮಾಂಸ ಕಡಿಮೆ.

ಇನ್ನು ಸುಕುಮಾರ ಶೆಟ್ಟಿ. ಅವನು ಕುಂಞಣ್ಣ ಶೆಟ್ಟರ ತಂಗಿಯ ಮಗ; ಅಳಿಯಸಂತಾನದ ಮನೆಯಾದ್ದರಿಂದ ಮುಂದಿನ ಯಜಮಾನ. ಅಲ್ಲಿಯವರೆಗೆ ಅವನಿಗೆ ಬೇರೆ ಕೆಲಸವಿರಲಿಲ್ಲ.

ಸಾವಿರದ ಒಂಬೈನೂರ ಐವತ್ತಮೂರರ ಜನವರಿಯಲ್ಲಿ ಅವನು ಬಂದ್ಯೋಡಿನ ತನ್ನ ಹೆಂಡತಿಯ ಮನೆಗೆ ಹೋಗಿದ್ದಾಗ ಸೈಕಲ್ಲು ಪಂಕ್ಚರ್ ಆಯಿತು. ರಿಪೇರಿ ಮಾಡಿದವನು ಗೌರೀಶಂಕರ. ಪೇಟೆಯಲ್ಲಿ ಸೈಕಲ್ ಅಂಗಡಿ ಅವನದು. ಅಲ್ಲಿನ ಯುವಕ ಸಂಘದ ಕಾರ್ಯದರ್ಶಿಯೂ ಅವನೇ. ಟ್ಯೂಬು ಒಣಗುವ ತನಕ ಓದಲಿ ಎಂದು ಅವನು ಕೊಟ್ಟ ಹಳೆಯ ಪತ್ರಿಕೆಯಲ್ಲಿ ಒಂದು ಚಿತ್ರವಿತ್ತು: ಯಾವುದೋ ದೇಶದವನೊಬ್ಬ ಬಿಲ್ಲು ಎಳೆದು ನಿಂತಿದ್ದಾನೆ, ದೂರದಲ್ಲಿ ವೃತ್ತದೊಳಗೆ ವೃತ್ತ ಬರೆದ ಹಲಗೆ.

"ಇದೆಂತ ದೊಡ್ಡದು?" ಎಂದ ಸುಕುಮಾರ. "ನಮ್ಮಲ್ಲಿ ಬಿಲ್ಲು ಹಿಡಿಯದವನಿಗೆ ಊಟ ಇಲ್ಲ."

"ನೀವೂ ಬಿಡ್ತೀರಾ ಶೆಟ್ರೇ?"

"ಮತ್ತೆ? ಸಣ್ಣದಿರುವಾಗ ತೆಂಗಿನ ಮರದ ತುದಿಯ ಬೊಂಡ ಇಳಿಸ್ತಾ ಇದ್ದದ್ದು ನಾನೇ. ತೊಟ್ಟಿಗೇ ಗುರಿ."

ವಾಸ್ತವ ಸಂಗತಿ ಹೀಗಿದೆ: ಸಣ್ಣದಿರುವಾಗ ಅವನು ಬೊಂಡಕ್ಕೆ ಕಲ್ಲು ಬಿಸಾಡಿದ್ದು ಹೌದು. ಇಳಿದದ್ದು ರೈಗಳ ಮಾಡಿನ ಹಂಚು.

ಗೌರೀಶಂಕರ ಕೈಯಲ್ಲಿದ್ದ ಪಂಪು ಕೆಳಗಿಟ್ಟ. "ನೋಡಿ, ನಮ್ಮ ವಾರ್ಷಿಕೋತ್ಸವಕ್ಕೆ ಪ್ರತಿ ವರ್ಷ ಅದೇ ಹಗ್ಗ ಎಳೆಯುವುದು, ಅದೇ ಲಿಂಬೆಹುಳಿ ಓಟ. ಜನ ಬರುವುದೇ ಇಲ್ಲ ಮಾರಾಯ್ರೆ. ಈ ಸಲ ನಿಮ್ಮದೊಂದು ಬಿಲ್ವಿದ್ಯೆ ಪ್ರದರ್ಶನ ಇಡುವ."

"ಇಡುವ ಇಡುವ, ಸಮಯ ನೋಡಿ ಇಡುವ," ಎಂದು ಸುಕುಮಾರ ಸೈಕಲ್ಲು ಹತ್ತಿದ. ಅವನು ಪೈವಳಿಕೆಗೆ ತಲುಪುವ ಮೊದಲೇ ಬಂದ್ಯೋಡಿನ ಚಾದ ಅಂಗಡಿಯ ಗೋಡೆಗೆ ನೋಟೀಸು ಅಂಟಿತ್ತು.

ಆ ವಾರ ಕುಂಞಣ್ಣ ಶೆಟ್ಟರು ಸಂಬಂಧಿಕರ ಮದುವೆಗೆಂದು ಮಂಗಳೂರಿಗೆ ಹೋದರು. ಸುಕುಮಾರ ಚಾವಡಿಯ ಗೋಡೆಯಿಂದ ಬಿಲ್ಲನ್ನು ಇಳಿಸಿದ.

ಆಳೆತ್ತರಕ್ಕಿಂತ ಒಂದು ಗೇಣು ಹೆಚ್ಚಿನ ಬಿದಿರಿನ ಬಿಲ್ಲು. ಹೊಗೆ ಹಿಡಿದು ಕಪ್ಪಾಗಿತ್ತು. ಹೆದೆ ಬಿಚ್ಚಿಯೇ ನೇತು ಹಾಕಿದ್ದರಿಂದ ಅದು ದೊಣ್ಣೆಯ ಹಾಗೆ ನೆಟ್ಟಗಿತ್ತು. ಬಗ್ಗಿಸಿ ಹೆದೆ ಏರಿಸಬೇಕು. ಸುಕುಮಾರ ಒಂದು ತುದಿಯನ್ನು ಕಾಲ ಹೆಬ್ಬೆರಳ ಸಂದಿಗೆ ಕೊಟ್ಟು, ನಡುವಿಗೆ ಮಂಡಿ ಊರಿ, ಮೇಲಿನ ತುದಿಯನ್ನು ಎಳೆದ. ಬಿಲ್ಲು ಸ್ವಲ್ಪ ಬಗ್ಗಿತು, ಯೋಚಿಸಿತು, ಸಟ್ಟನೆ ನೆಟ್ಟಗಾಯಿತು. ನೆಟ್ಟಗಾಗುವಾಗ ದಾರಿಯಲ್ಲಿ ಅವನ ಗದ್ದವಿತ್ತು.

ಒಳಗಿನಿಂದ ಅಕ್ಕ ಜಲಜಾಕ್ಷಿ ಬಂದಳು. "ಎಂತ ಸದ್ದು ಅದು?"

"ಎಂತದ್ದೂ ಇಲ್ಲ. ಬಿಲ್ಲು ಒರಸ್ತಾ ಇದ್ದೆ."

"ಗದ್ದದಿಂದ ಒರಸುವುದಾ?"

ಮರುದಿನ ಗೌರೀಶಂಕರನೇ ಸೈಕಲ್ಲಿನಲ್ಲಿ ಬಂದ, ಅಭ್ಯಾಸ ನೋಡಲು. ಸುಕುಮಾರ ನಿಜ ಹೇಳಬೇಕಾಯಿತು, ಪೂರ್ತಿ ಅಲ್ಲ. "ಇದು ಬೇಟೆಯ ಬಿಲ್ಲು. ಗುರಿಗೆ ಸ್ವಲ್ಪ ಬಿರುಸು," ಎಂದ.

ಗೌರೀಶಂಕರ ಬಿಲ್ಲನ್ನು ತಿರುಗಿಸಿ ನೋಡಿದ. ಅವನಿಗೆ ಸಂತೋಷವಾಯಿತು. ರಿಪೇರಿಗೆ ಬಂದ ಯಾವ ವಸ್ತು ಕಂಡರೂ ಅವನಿಗೆ ಸಂತೋಷವಾಗುತ್ತಿತ್ತು.

"ಲೆಕ್ಕ ಸರಿ ಉಂಟು ಶೆಟ್ರೇ. ಬೇಟೆಬಿಲ್ಲನ್ನು ಎಳೆಯುವುದು ದಿವಸಕ್ಕೆ ಒಂದು ಸಲ. ಹಂದಿ ಬಂತು, ಬಿಟ್ಟಿರಿ, ಮುಗೀತು. ಗುರಿ ಅಭ್ಯಾಸ ಅಂದರೆ ಬೆಳಗಿನಿಂದ ಸಂಜೆವರೆಗೆ ಎಳೀಬೇಕು. ಇದನ್ನು ಹಾಗೆ ಎಳೆದರೆ ಬಿಲ್ಲಿಗೆ ಎಂತದ್ದೂ ಆಗುವುದಿಲ್ಲ, ನಿಮ್ಮ ಭುಜ ಕಳಚಿ ಕೈಗೆ ಬರ್ತದೆ. ಇದನ್ನು ಹದ ಮಾಡ್ಬೇಕು. ಸ್ವಲ್ಪ ಹೆರೆದರೆ ಆಯ್ತು."

"ಹೆರೆಯುವುದಾ? ಮಾವ—"

"ಒಂದು ಕೂದಲೆಳೆಯಷ್ಟು. ಗೊತ್ತೇ ಆಗ್ಲಿಕ್ಕಿಲ್ಲ."

ಬಿದಿರಿನ ಹೊರಸಿಪ್ಪೆಯಲ್ಲಿ ಅದರ ಬಲವಿದೆ, ಅದನ್ನು ಮುಟ್ಟಬಾರದು, ಒಳಮೈಯನ್ನಷ್ಟೇ ಹೆರೆಯಬೇಕು ಎನ್ನುವುದು ಗೌರೀಶಂಕರನಿಗೆ ತಿಳಿದಿತ್ತು. ಎಲ್ಲಿ ನಿಲ್ಲಿಸಬೇಕು ಎನ್ನುವುದು ತಿಳಿದಿರಲಿಲ್ಲ. ಒಡೆದ ಬಾಟ್ಲಿಯ ಗಾಜು ಹಿಡಿದು ಇಬ್ಬರೂ ಅಂಗಳದಲ್ಲಿ ಕುಳಿತರು. ಬಿಲ್ಲಿನ ಮೇಲಿನ ತೋಳನ್ನು ಹೆರೆದು, ಹೆದೆ ಏರಿಸಿ, ಬೇಲಿಯ ಗೂಟಕ್ಕೆ ಒರಗಿಸಿ ಎಳೆದು ನೋಡಿದರು.

"ಮೇಲೆ ಜಾಸ್ತಿ ಬಗ್ಗಿತು," ಎಂದ ಗೌರೀಶಂಕರ. "ಕೆಳಗೆ ಸ್ವಲ್ಪ ಹೆರೆಯಿರಿ."

ಹೆರೆದರು.

"ಈಗ ಕೆಳಗೆ ಜಾಸ್ತಿ ಆಯ್ತು. ಮೇಲೆ ಸ್ವಲ್ಪ."

ಹೆರೆದರು.

"ಇದು ಚಕ್ರದ ಬೆಂಡು ತೆಗೆದ ಹಾಗೆಯೇ ಶೆಟ್ರೇ. ಇಲ್ಲಿ ಸಡಿಲ ಮಾಡಿದರೆ ಅಲ್ಲಿ ಬಿಗಿ, ಅಲ್ಲಿ ಸಡಿಲ ಮಾಡಿದರೆ ಇಲ್ಲಿ ಬಿಗಿ. ಮೇಲೆ ಇನ್ನೊಂದು ಚೂರು."

ಚಕ್ರದಲ್ಲಿ ಸಡಿಲ ಮಾಡಿದ ಕಡ್ಡಿಯನ್ನು ಪುನಃ ಬಿಗಿ ಮಾಡಬಹುದು, ಬಿದಿರಿನಲ್ಲಿ ಹೆರೆದದ್ದನ್ನು ಪುನಃ ಅಂಟಿಸಲಾಗದು ಎಂಬ ವ್ಯತ್ಯಾಸ ಇಬ್ಬರಿಗೂ ಹೊಳೆದದ್ದು ಸೂರ್ಯ ಇಳಿದ ಮೇಲೆ. ಅಷ್ಟರಲ್ಲಿ ಎರಡು ತೋಳುಗಳೂ ಸಮನಾಗಿ ಬಗ್ಗುತ್ತಿದ್ದವು. ನೋಡಲು ಚಂದವೇ ಆಗಿತ್ತು. ಮುಂಗೈ ದಪ್ಪವಿದ್ದ ಬಿಲ್ಲು ಹೆಬ್ಬೆರಳ ದಪ್ಪಕ್ಕೆ ಬಂದಿತ್ತು.

ಹಳೆಯ ಹೆದೆಯ ಬದಲಿಗೆ ಗೌರೀಶಂಕರ ಬಲೆ ಹೆಣೆಯುವ ನೂಲನ್ನು ಹುರಿ ಮಾಡಿ ಕಟ್ಟಿದ. ಬಾಣ ಪ್ರತಿ ಸಲವೂ ಒಂದೇ ಜಾಗದಲ್ಲಿ ಕೂರಲಿ ಎಂದು ಹೆದೆಯ ನಡುವಿಗೆ ಕೆಂಪು ನೂಲು ಸುತ್ತಿದ. ಮನೆಯ ಹಳೆಯ ಬಾಣವನ್ನು ಹೂಡಿ ಬಿಟ್ಟರೆ ಅದು, ಅಂಗೈಯಗಲದ ಕಬ್ಬಿಣದ ಅಲಗಿನ ಭಾರಕ್ಕೆ, ಸುಕುಮಾರನ ಕಾಲ ಬುಡದಲ್ಲೇ ಬಿತ್ತು. ಆದ್ದರಿಂದ ಓಟೆಯೆಂಬ ಸಣ್ಣ ಬಿದಿರಿನ ಕಡ್ಡಿಯಿಂದ ಹಗುರದ ಬಾಣಗಳನ್ನು ಮಾಡಿ, ಮೊನೆಗೆ ಅಲಗಿನ ಬದಲು ಸೈಕಲ್ ಕಡ್ಡಿಯ ಹಿತ್ತಾಳೆ ನಿಪ್ಪಲು ಕೂರಿಸಿದರು. ಗೋಣಿಗೆ ಬೈಹುಲ್ಲು ತುಂಬಿ, ಸುಣ್ಣ ಮತ್ತು ಮಸಿಯಿಂದ ವೃತ್ತ ಬರೆದು, ಗೇರು ಮರಕ್ಕೆ ಕಟ್ಟಿದರು. ಬಹಳ ಬಾಣಗಳು ಗೇರು ಮರಕ್ಕೂ ಕೆಲವು ದನದ ಹಟ್ಟಿಯ ಬಾಗಿಲಿಗೂ ತಾಗಿದ ಮೇಲೆ ಒಂದು ಬಾಣ ಗೋಣಿಗೆ ತಾಗಿತು. ಸುಕುಮಾರ ಕುಣಿದ.

ಕುಂಞಣ್ಣ ಶೆಟ್ಟರು ಮರುದಿನ ಮಧ್ಯಾಹ್ನಕ್ಕೆ ಬಂದರು. ಬಸ್ಸಿನ ಧೂಳಿಗೆ ಮೊದಲು ಮೀಯಬೇಕೆಂದರು. ಸುಕುಮಾರನ ಹೆಂಡತಿ ವಸುಮತಿ ಬಚ್ಚಲಿನ ಹಂಡೆಗೆ ಬೆಂಕಿ ಹಾಕಿದಳು. ಮಿಂದು ಬಂದ ಶೆಟ್ಟರ ಮೈಯಿಂದ ಹಬೆ ಏಳುತ್ತಿತ್ತು.

"ಇಷ್ಟು ಒಳ್ಳೆಯ ಬಿಸಿನೀರು ಈ ಮನೆಯಲ್ಲಿ ನಾನು ಮಿಂದದ್ದಿಲ್ಲ ಮಗಾ. ಎಂತ ಸೌದೆ ಅದು?"

"ಸೌದೆ ಅದೇ ಮಾವ. ಅಂಗಳದಲ್ಲಿ ಒಣ ಹೊಟ್ಟು ಬಿದ್ದಿತ್ತು, ಅದನ್ನು ಹಾಕಿದೆ. ಒಂದೇ ಕಡ್ಡಿಗೆ ಹಿಡಿಯಿತು."

ಶೆಟ್ಟರು ತೃಪ್ತಿಯಿಂದ ಚಾವಡಿಗೆ ಬಂದು, ಎಂದಿನ ಹಾಗೆ, ಪುನಃ ಗೋಡೆ ಸೇರಿದ್ದ ಹಿರಿಯರ ಬಿಲ್ಲಿಗೆ ಕೈಮುಗಿಯಲೆಂದು ತಲೆಯೆತ್ತಿದರು. ಎತ್ತಿದ ಕೈ ಅರ್ಧದಲ್ಲಿ ನಿಂತಿತು.

"ಇದಕ್ಕೆ ಎಂತ ಆಯ್ತು? ಜ್ವರ ಬಂದಿತ್ತಾ?"

ಆಗ ಜಲಜಾಕ್ಷಿ ಗೆರಸೆಯೊಂದನ್ನು ಎರಡೂ ಕೈಯಲ್ಲಿ ಹಿಡಿದು ಒಳಗಿನಿಂದ ಬಂದಳು. ಅಳಿಯಸಂತಾನದ ಮನೆಗಳಲ್ಲಿಯೂ ಪಾಲು ಕೇಳಬಹುದು ಎಂಬ ಕಾನೂನು ಬಂದಾಗಿನಿಂದ ಅವಳ ಕಣ್ಣಿಗೆ ಮನೆಯಲ್ಲಿ ವಸ್ತುಗಳು ಕಾಣುತ್ತಿರಲಿಲ್ಲ, ಪಾಲುಗಳು ಕಾಣುತ್ತಿದ್ದವು.

"ಮಾವ, ಉಳಿದದ್ದನ್ನು ನಾನು ಗುಡಿಸಿ ಇಟ್ಟಿದ್ದೇನೆ," ಎಂದಳು. ಗೆರಸೆಯಲ್ಲಿ ಬಿದಿರಿನ ಹೊಟ್ಟು ಇತ್ತು. "ಇದು ಕುಟುಂಬದ ಸೊತ್ತು. ಇದರಲ್ಲಿ ನನ್ನ ಮಕ್ಕಳಿಗೂ ಪಾಲುಂಟು. ಯಜಮಾನರ ಒಪ್ಪಿಗೆ ಇಲ್ಲದೆ ಇವನು ಹೆರೆದದ್ದು."

"ಇಷ್ಟೇಯಾ? ಬಿಲ್ಲು ಅರ್ಧಕ್ಕರ್ಧ ಇಳಿದಿದೆಯಲ್ಲ! ಬಾಕಿ ಎಲ್ಲಿ?"

"ಬಾಕಿ ನಿಮ್ಮ ಹಂಡೆಯ ಅಡಿಗೆ ಹೋಯ್ತು."

ಕುಂಞಣ್ಣ ಶೆಟ್ಟರು ತಮ್ಮ ಮೈಯಿಂದ ಏಳುತ್ತಿದ್ದ ಹಬೆಯನ್ನು ನೋಡಿದರು. ಕುಟುಂಬದ ಸೊತ್ತಿನ ದೊಡ್ಡ ಭಾಗವನ್ನು ಯಜಮಾನರೇ ಮಿಂದು ಮುಗಿಸಿದ್ದರು.

ಸುದ್ದಿ ಬೇಲಿ ದಾಟಿತು. ಸಂಜೆ ಮಹಾಬಲ ರೈಗಳು ಬಂದರು. ಸಾವಿನ ಮನೆಗೆ ಬಂದವರ ಹಾಗೆ ಮೆಟ್ಟಿಲಲ್ಲಿ ಚಪ್ಪಲಿ ಕಳಚಿ, ಜಗಲಿಯ ತುದಿಯಲ್ಲಿ ಕುಳಿತರು.

"ಎಷ್ಟು ಪ್ರಾಯ ಆಗಿತ್ತು ಅದಕ್ಕೆ?" ಎಂದು ಕೇಳಿದರು.

"ಯಾವುದಕ್ಕೆ?" ಎಂದರು ಶೆಟ್ಟರು.

"ಬಿಲ್ಲಿಗೆ. ನಮ್ಮ ಅಜ್ಜ ಅದನ್ನು ಕಂಡರೆ ಹೆದರುತ್ತಿದ್ದರಂತೆ. ಹೂಂ. ಹೋಗ್ಲಿ. ಇನ್ನು ಕೆಡ್ಡಸಕ್ಕೆ ಎಂತ ತರುವ ಅಂತ ಉಂಟು?"

"ಎಂತ ತರುವುದು? ಇದನ್ನೇ."

"ಇದನ್ನಾ ಶೆಟ್ರೇ?" ರೈಗಳ ದನಿಯಲ್ಲಿ ಮರುಕವಿತ್ತು. "ಇದರಲ್ಲಿ ಹತ್ತಿ ಹಿಂಜಬಹುದು."

"ರೈಗಳೇ!"

"ಕೋಪ ಮಾಡ್ಬೇಡಿ. ಬಲತೊಡೆ ಬೇಟೆಬಿಲ್ಲಿಗೆ. ಇದು ಗೋಣಿಗೆ ಬಿಡುವ ಬಿಲ್ಲು. ಬಂದ್ಯೋಡಿನಲ್ಲಿ ನೋಟೀಸು ಹಾಕಿದ್ದಾರಂತೆ, ಬೇಕಾದರೆ ಓದಿಸಿ ನೋಡಿ. ನಾನು ಹೇಳುವುದಲ್ಲ, ಕೂಸಪ್ಪಣ್ಣ ಹೇಳ್ಲಿ."

ಕೂಸಪ್ಪ ಬೇಟೆಯ ಯಜಮಾನ. ಯಾರು ಎಲ್ಲಿ ನಿಲ್ಲಬೇಕು, ಯಾವ ತುಂಡು ಯಾರಿಗೆ ಎಂದು ಕೂಗಿ ಹೇಳುವ ಅಧಿಕಾರ ಅವನದು. ಕಿವಿ ಸ್ವಲ್ಪ ಮಂದವಾದ್ದರಿಂದ ಅವನು ಗುಟ್ಟನ್ನೂ ಕೂಗಿಯೇ ಹೇಳುತ್ತಿದ್ದ. ತೀರ್ಪು ಕೊಡುವ ಮೊದಲು ಕಣ್ಣು ಮುಚ್ಚುವುದು ಅವನ ಪದ್ಧತಿ. ಹೇಳಿಕಳಿಸಿದಾಗ ಬಂದವನು ಬಿಲ್ಲನ್ನು ಎರಡು ಬೆರಳಿನಲ್ಲಿ ಎಳೆದ. ಅದು ಕಿವಿಯವರೆಗೆ ಬಂತು. ಕೂಸಪ್ಪ ಕಣ್ಣು ಮುಚ್ಚಿದ. ಚಾವಡಿ ಕಾದಿತು.

"ಇದು ಬೇಟೆಯದ್ದಾ ಆಟದ್ದಾ ಅಂತ ನೀವು ಹೇಳುವುದಲ್ಲ, ನಾನು ಹೇಳುವುದಲ್ಲ," ಎಂದು ಕೂಗಿದ. "ಹಂದಿ ಹೇಳ್ಬೇಕು! ಕೆಡ್ಡಸದ ದಿವಸ ಇದರ ಬಾಣ ಹಂದಿಗೆ ತಾಗಿದರೆ ಇದು ಬೇಟೆಬಿಲ್ಲು. ತಾಗದಿದ್ದರೆ ಇನ್ನು ಮುಂದೆ ಬಲತೊಡೆ ಕೋವಿಯವರಿಗೆ!"

ರೈಗಳು ಚಪ್ಪಲಿ ಮೆಟ್ಟಿಕೊಂಡು ಹೋದರು. ಹೋಗುವಾಗ ನಡಿಗೆಯಲ್ಲಿ ಸಾವಿನ ಮನೆಯ ಲಕ್ಷಣ ಇರಲಿಲ್ಲ.

ಕುಂಞಣ್ಣ ಶೆಟ್ಟರು ವಸುಮತಿಯ ಕಡೆ ತಿರುಗಿ, ಸುಕುಮಾರನಿಗೆ ಕೇಳುವ ಹಾಗೆ ಹೇಳಿದರು: "ಹೆರೆದವನೇ ಬಿಲ್ಲು ಹೊರಲಿ. ತೊಡೆ ಹೋದರೆ ಅವನೂ ಹೋಗಲಿ. ಬಂದ್ಯೋಡಿನಲ್ಲಿ ಹೆಂಡತಿಯ ಮನೆ ಉಂಟಲ್ಲ, ಅಲ್ಲಿಯೇ ಇರಲಿ. ಇಲ್ಲಿಯ ಯಜಮಾನಿಕೆ ಜಲಜಾಕ್ಷಿಯ ಮಗ ನೋಡಿಕೊಳ್ಳುತ್ತಾನೆ."

ಅಳಿಯಸಂತಾನದ ಮನೆಯ ಮುಂದಿನ ಯಜಮಾನನನ್ನು ಹೆಂಡತಿಯ ಮನೆಯ ಜಗಲಿಗೆ ಕಳಿಸುವುದೆಂದರೆ ಅದಕ್ಕಿಂತ ದೊಡ್ಡ ಶಿಕ್ಷೆ ಆ ಸೀಮೆಯಲ್ಲಿ ಇರಲಿಲ್ಲ. ಸುಕುಮಾರನಿಗೆ ಅನ್ನ ಸೇರಲಿಲ್ಲ. ವಸುಮತಿಗೆ ಸೇರಿತು. ಅವಳು ಊಟ ಮುಗಿಸಿ ಟ್ರಂಕು ಇಳಿಸಿ ಸೀರೆ ಮಡಚತೊಡಗಿದಳು.

"ಈಗಲೇ ಎಂತಕ್ಕೆ ಕಟ್ಟುವುದು?" ಎಂದ ಸುಕುಮಾರ.

"ನೀವು ಬಿಡುವುದನ್ನು ನಾನು ನೋಡಿದ್ದೇನೆ," ಎಂದಳು ಅವಳು. "ಅಲ್ಲದೆ ಅಲ್ಲಿ ಬಸ್ಸಾದರೂ ಕಾಣ್ತದೆ."

ಕೆಡ್ಡಸದವರೆಗೆ ಗೌರೀಶಂಕರ ದಿನವೂ ಬಂದ. ಗೋಣಿಗೆ ಹಂದಿಯ ಮೂತಿ ಬರೆದ. "ಇದನ್ನು ಪ್ರದರ್ಶನದ ಪೂರ್ವಸಿದ್ಧತೆ ಅಂತ ತಿಳ್ಕೊಳ್ಳಿ ಶೆಟ್ರೇ," ಎಂದ. ಸುಕುಮಾರ ಎಳೆದ, ಬಿಟ್ಟ, ಎಳೆದ, ಬಿಟ್ಟ. ಕ್ರಮೇಣ ಹಟ್ಟಿಯ ಬಾಗಿಲು ಸುರಕ್ಷಿತವಾಯಿತು. ಗೋಣಿಗೆ ನಾಲ್ಕರಲ್ಲಿ ಒಂದು ತಾಗತೊಡಗಿತು. ಆದರೆ ಗೋಣಿ ನಿಲ್ಲುತ್ತದೆ.

ಕೆಡ್ಡಸದ ಬೆಳಿಗ್ಗೆ ಬೈಲಿನ ಗಂಡಸರೆಲ್ಲ ಗುಡ್ಡದ ಬುಡದಲ್ಲಿ ಸೇರಿದರು. ಮೇಲಿನಿಂದ ಜನ ಮತ್ತು ನಾಯಿಗಳು ಬೊಬ್ಬೆ ಹಾಕುತ್ತಾ ಇಳಿಯುವುದು, ಕೆಳಗೆ ಹಂದಿ ಹಾಯುವ ದಾರಿಗಳಲ್ಲಿ ಕೋವಿಯವರು ಕಾಯುವುದು. ಕೂಸಪ್ಪ ಸುಕುಮಾರನನ್ನು ಒಂದು ಕಾಟುಮಾವಿನ ಮರದ ಬುಡದಲ್ಲಿ ನಿಲ್ಲಿಸಿದ. "ಇಲ್ಲಿಂದ ಹಾದರೆ ಮುಂದೆ ರೈಗಳ ಕೋವಿ," ಎಂದು ಕೂಗಿದ. ದಾರಿಯ ಕೊನೆಯಲ್ಲಿ ರೈಗಳು ಮಣ್ಣಿನ ದಿಬ್ಬದ ಹಿಂದೆ ಕೋವಿ ಚಾಚಿ ಕುಳಿತಿದ್ದರು. ಅವರ ಎಡಕ್ಕೆ ಬೇಲಿ. ಬೇಲಿಯಾಚೆ ಅವರದೇ ಗೆಣಸಿನ ಗದ್ದೆ. ಕುಂಞಣ್ಣ ಶೆಟ್ಟರು ಈ ಸಲ ನೆರಳಿನಲ್ಲಿ ಕುಳಿತರೂ ಎಲೆಯಡಿಕೆ ಬಿಚ್ಚಲಿಲ್ಲ.

ಗೌರೀಶಂಕರ ಗುರುವಿನ ಹಾಗೆ ಸುಕುಮಾರನ ಬೆನ್ನ ಹಿಂದೆ ನಿಂತಿದ್ದ. "ಬಾಣದ ಬುಡ ಕೆಂಪು ನೂಲಿನಲ್ಲಿ ಕೂರ್ಲಿ. ಉಸಿರು ಹಿಡೀರಿ. ಮೊಣಕೈ ಎತ್ತರ. ಎಂತ ಬಂದರೂ ಕದಲ್ಬಾರ್ದು. ನಾನಿದ್ದೇನೆ."

ಮೇಲೆ ಬೊಬ್ಬೆ ಎದ್ದಿತು. ನಾಯಿಗಳು ಕೂಗಿದವು. ಪೊದೆ ಸೀಳಿಕೊಂಡು ಬಂದದ್ದು ಗೋಣಿಯ ಮೇಲೆ ಬರೆದದ್ದಕ್ಕಿಂತ ಬಹಳ ದೊಡ್ಡದಿತ್ತು. ಅದಕ್ಕೆ ಹಲ್ಲೂ ಇತ್ತು. ಗೌರೀಶಂಕರ ಹಲ್ಲು ಬರೆದಿರಲಿಲ್ಲ.

"ಕದಲ್ಬೇಡಿ!" ಎಂಬ ಮಾತು ಸುಕುಮಾರನಿಗೆ ಬೆನ್ನ ಹಿಂದಿನಿಂದ ಕೇಳಿಸಿತು. "ಮೊಣಕೈ!" ಎಂಬ ಮಾತು ತಲೆಯ ಮೇಲಿನಿಂದ ಕೇಳಿಸಿತು. "ಉಸಿರು!" ಎಂಬುದು ಮಾವಿನ ಮರದ ತುದಿಯಿಂದ.

ಹಂದಿ ಮುಂದಿನಿಂದ ಹಾದುಹೋಯಿತು. ಸುಕುಮಾರ ಕಣ್ಣು ಮುಚ್ಚಿದ. ಬೆರಳು ತಾನಾಗಿ ಬಿಟ್ಟಿತು.

ಕಣ್ಣು ತೆರೆದಾಗ ಹಂದಿ ದಾರಿಯ ನಡುವೆ ನಿಂತಿತ್ತು. ಹಿಂದಿನಿಂದ ಯಾರೋ ಹೆಸರು ಹಿಡಿದು ಕರೆದ ಹಾಗೆ ತಿರುಗಿ ನೋಡಿತು. ಆಮೇಲೆ ರೈಗಳ ಕೋವಿಯ ಕಡೆಗೆ ಹೋಗುವುದನ್ನು ಬಿಟ್ಟು, ಬಲಕ್ಕೆ ಹೊರಳಿ, ಬೇಲಿ ಮುರಿದು ಗೆಣಸಿನ ಗದ್ದೆಗೆ ನುಗ್ಗಿತು. ರೈಗಳ ಕೋವಿ ಹಾರಿತು. ಗುಂಡು ಎಲ್ಲಿಗೆ ಹೋಯಿತೆಂದು ಗೊತ್ತಾಗಿಲ್ಲ. ಹಿಂದೆಯೇ ಬಂದ ನಾಯಿಗಳೂ ಗೆಣಸಿನ ಗದ್ದೆಯ ಮೇಲೆಯೇ ಓಡಿದವು. ಹಂದಿ ನೀರಿನ ತೋಡು ದಾಟಿ ಆಚೆಯ ಗುಡ್ಡ ಸೇರಿತು. ಅವತ್ತು ಬೇರೆ ಹಂದಿ ಏಳಲಿಲ್ಲ.

ಎಲ್ಲರೂ ಅತ್ತಿಮರದ ಬುಡದಲ್ಲಿ ಕೂಡಿದಾಗ ಕೂಸಪ್ಪ ನಡುವಿನಲ್ಲಿ ನಿಂತ. "ಬಾಣ ತಾಗಿತಾ?"

ಸುಕುಮಾರ ನೆಲ ನೋಡಿದ. "ಟಪ್ ಅಂತ ಕೇಳಿತು. ಕಣ್ಣು ಮುಚ್ಚಿದ್ದೆ."

"ಮರಕ್ಕೂ ಟಪ್ ಅಂತದೆ. ನೋಡಿದವರು ಯಾರು?"

ಎಲ್ಲರೂ ಗೌರೀಶಂಕರನನ್ನು ನೋಡಿದರು. ಅವನ ತಲೆಯಲ್ಲಿ ಇನ್ನೂ ಮಾವಿನ ಎಲೆ ಇತ್ತು. "ನಾನು ಎತ್ತರದ ಜಾಗದಲ್ಲಿದ್ದೆ," ಎಂದ. "ಆದರೆ ಕೊಂಬೆ ಅಡ್ಡ ಬಂತು."

ಬಾಣವನ್ನು ಹುಡುಕಲು ಹೋದವರು ತುಂಡಾದ ಓಟೆಯನ್ನು ತಂದರು. ನಾಯಿ ತುಳಿದದ್ದೋ, ಹಂದಿಗೆ ತಾಗಿ ಮುರಿದದ್ದೋ ಹೇಳುವ ಹಾಗಿರಲಿಲ್ಲ. ಕೂಸಪ್ಪ ಕಣ್ಣು ಮುಚ್ಚಿದ. ಕುಂಞಣ್ಣ ಶೆಟ್ಟರು ಮುಖವನ್ನು ಗುಡ್ಡದ ಕಡೆ ತಿರುಗಿಸಿದರು. ಸುಕುಮಾರನಿಗೆ ಬಂದ್ಯೋಡಿನ ಹೆಂಡತಿಯ ಮನೆಯ ಜಗಲಿ, ಅದರ ಮೂಲೆಯಲ್ಲಿ ಹಾಸಿದ ಚಾಪೆ, ಎಲ್ಲವೂ ಸ್ಪಷ್ಟವಾಗಿ ಕಂಡವು.

ಆಗ ಮಹಾಬಲ ರೈಗಳು ಬಂದರು. ಇಷ್ಟು ಹೊತ್ತು ಅವರು ತಮ್ಮ ಗದ್ದೆ ನೋಡಲು ಹೋಗಿದ್ದರು. ಮೊಣಕಾಲವರೆಗೆ ಮಣ್ಣು, ಎರಡೂ ಕೈಯಲ್ಲಿ ಕಿತ್ತುಬಂದ ಗೆಣಸಿನ ಬಳ್ಳಿ.

"ಒಂದು ಏರಿ ಉಳಿದಿಲ್ಲ! ಒಂದು!" ಎಂದು ಬಳ್ಳಿಯನ್ನು ಶೆಟ್ಟರ ಮುಂದೆ ಎಸೆದರು. "ಇದನ್ನು ಯಾರು ತುಂಬಿಸಿ ಕೊಡುವುದು?"

"ಹಂದಿ ಹೋದದ್ದಕ್ಕೆ ನಾವೆಂತ ಮಾಡುವುದು?" ಎಂದರು ಶೆಟ್ಟರು.

"ಹಂದಿ ಹೋದದ್ದಾ? ಕಳಿಸಿದ್ದು! ನೆಟ್ಟಗೆ ನನ್ನ ಕೋವಿಯ ಬಾಯಿಗೆ ಬರ್ತಾ ಇತ್ತು. ನಿಮ್ಮ ಈ ಬಿಲ್ವಿದ್ಯೆಯವನು ಅದರ ಕುಂಡೆಗೆ ಹೊಡೆದು ನನ್ನ ಗದ್ದೆಗೆ ತಿರುಗಿಸಿದ!"

ಕೂಸಪ್ಪ ಕಣ್ಣು ತೆರೆದ. "ಎಲ್ಲಿಗೆ ಹೊಡೆದ?"

"ಕುಂಡೆಗೆ!"

"ನೀವು ಕಂಡಿದ್ದೀರಾ?"

"ಕಾಣದೆ ಮತ್ತೆ? ನನ್ನ ಕಣ್ಣಿನ ಎದುರಲ್ಲೇ! ಎಡಗಡೆಗೆ! ಬಾಣ ತಾಗಿ ಮೇಲೆ ಹಾರಿತು, ಹಂದಿ ನಿಂತು ತಿರುಗಿ ನೋಡಿತು, ಅದಕ್ಕೂ ನಾಚಿಕೆ ಆಯ್ತು—"

ರೈಗಳು ಅಲ್ಲಿಗೆ ನಿಲ್ಲಿಸಿದರು.

"ಹಾಗಾದರೆ ತಾಗಿದೆ ಅಂತ ನೀವೇ ಹೇಳ್ತೀರಿ," ಎಂದ ಕೂಸಪ್ಪ. ಜೀವಮಾನದಲ್ಲಿ ಮೊದಲ ಸಲ ಅವನು ಮೆಲ್ಲಗೆ ಮಾತಾಡಿದ್ದ.

ರೈಗಳು ಕೆಮ್ಮಿದರು. "ಅಲ್ಲ, ನೋಡಿ. ದೂರ ಇತ್ತು. ಹಂದಿ ತಾನಾಗಿ ತಿರುಗಿದ್ದೂ ಇರಬಹುದು."

"ತಾನಾಗಿ ತಿರುಗಿದ್ದಾದರೆ ಗೆಣಸಿಗೆ ಯಾರೂ ಉತ್ತರ ಕೊಡ್ಲಿಕ್ಕಿಲ್ಲ."

"ಅದು ಹೇಗೆ?"

"ಹಾಗೆಯೇ. ತಾಗಿದ್ದಾದರೆ ಶೆಟ್ಟರು ಗೆಣಸು ಕೊಡ್ಬೇಕು, ತೊಡೆ ಅವರಿಗೆ. ತಾಗದಿದ್ದರೆ ತೊಡೆ ನಿಮಗೆ, ಗೆಣಸು ಹಂದಿಗೆ. ಯಾವುದು ಹೇಳಿ."

ರೈಗಳು ಒಮ್ಮೆ ಬಳ್ಳಿಯನ್ನು ನೋಡಿದರು, ಒಮ್ಮೆ ಆಚೆಯ ಗುಡ್ಡವನ್ನು ನೋಡಿದರು. ತೊಡೆ ಆ ಗುಡ್ಡದಲ್ಲಿ ಹಂದಿಯ ಜೊತೆಯೇ ಓಡಾಡುತ್ತಿತ್ತು. ಶೆಟ್ಟರ ಗೆಣಸು ಇಲ್ಲಿಯೇ ನೆಲದಲ್ಲಿತ್ತು, ಈ ವರ್ಷ ಫಸಲೂ ಒಳ್ಳೆಯದಿತ್ತು.

"ತಾಗಿದೆ," ಎಂದರು ಹಲ್ಲು ಕಚ್ಚಿ.

"ನಾವು ಗೆಣಸು ಕೊಡುವ!" ಎಂದು ಶೆಟ್ಟರು ಇಷ್ಟು ಬೇಗ ಒಪ್ಪಿದ್ದನ್ನು ಯಾರೂ ಕಂಡಿರಲಿಲ್ಲ.

ಹಂದಿ ಬೀಳದ ವರ್ಷವೂ ಪಾಲು ಕೂಗದೆ ಬಿಡುವಂತಿಲ್ಲ. ಕೂಗದಿದ್ದರೆ ಹಕ್ಕು ತಪ್ಪುತ್ತದೆ. ಕೂಸಪ್ಪ ತನ್ನ ಹಳೆಯ ದನಿಗೆ ಮರಳಿದ. "ತಲೆ ಯಾರಿಗೂ ಇಲ್ಲ! ಎಡತೊಡೆ ನಾಯಿಯವರಿಗೆ! ಬಲತೊಡೆ ಬೇಟೆಬಿಲ್ಲಿನ ಮನೆಗೆ!"

"ಬಂತು," ಎಂದರು ಕುಂಞಣ್ಣ ಶೆಟ್ಟರು. ಬರೀ ಕೈಯನ್ನು ಹೆಗಲವರೆಗೆ ಎತ್ತಿ, ಭಾರ ಹೊತ್ತವರ ಹಾಗೆ ಸ್ವಲ್ಪ ಬಾಗಿಯೂ ನಿಂತರು.

"ನಮ್ಮ ಪ್ರದರ್ಶನಕ್ಕೆ ಇನ್ನು ತೊಂದರೆ ಇಲ್ಲವಲ್ಲ?" ಎಂದು ಗೌರೀಶಂಕರ ಮುಂದೆ ಬಂದ.

ಕೂಸಪ್ಪ ಅವನನ್ನು ಮೇಲಿನಿಂದ ಕೆಳಗೆ ನೋಡಿದ. "ಹಂದಿಗೆ ತಾಗಿದ ಬಿಲ್ಲನ್ನು ಇನ್ನು ಗೋಣಿಗೆ ಬಿಡುವುದಾ? ಬಿಟ್ಟರೆ ಪುನಃ ಆಟದ್ದಾಗ್ತದೆ."

"ಅಯ್ಯೋ, ನೋಟೀಸು ಅಂಟಿಸಿ ಆಗಿದೆ ಮಾರಾಯ್ರೆ! ಜನ ಬರ್ತಾರೆ!"

"ಹಾಗಾದರೆ ಹಂದಿ ತಂದು ನಿಲ್ಲಿಸಿ."

ಗೌರೀಶಂಕರ ಲಿಂಬೆಹುಳಿ ಓಟದ ಬಗ್ಗೆ ಯೋಚಿಸುತ್ತಾ ಸೈಕಲ್ಲು ಹತ್ತಿದ. ಎಲ್ಲರೂ ಏಳುವಷ್ಟರಲ್ಲಿ ರೈಗಳು ಕೈ ಎತ್ತಿದರು. "ಒಂದು ಮಾತು. ಬಲತೊಡೆ ಹೊತ್ತವರು ಬೇಟೆಗೆ ಬಂದವರಿಗೆ ಸಂಜೆಗೆ ಊಟ ಹಾಕುವುದು ಕ್ರಮ. ಶೆಟ್ಟರು 'ಬಂತು' ಅಂತ ಹೇಳಿದ್ದಾರೆ. ನಾವು ಹಂದಿಯ ಪದಾರ್ಥ ಉಣ್ಲಿಕ್ಕೆ ಬರ್ತೇವೆ. ಪದಾರ್ಥ ಇಲ್ಲದಿದ್ದರೆ ತೊಡೆ ಬಂದದ್ದು ಎಲ್ಲಿಗೆ?"

ಕೂಸಪ್ಪ ಕಣ್ಣು ಮುಚ್ಚಿದ. "ಸರಿಯಾದ ಮಾತು," ಎಂದ.

ಬೇಟೆಯ ಉಳಿದ ಭಾಗ ಮೇಲಿನ ಮನೆಯ ಹಿತ್ತಿಲಿನಲ್ಲಿ ನಡೆಯಿತು. ಅಲ್ಲಿ ಬಿಲ್ಲು ಉಪಯೋಗಕ್ಕೆ ಬರಲಿಲ್ಲ. ಸುಕುಮಾರ ಬರಿಗೈಯಲ್ಲಿ ಜಲಜಾಕ್ಷಿಯ ಕೋಳಿಗಳ ಹಿಂದೆ ಓಡಿದ. ಜಲಜಾಕ್ಷಿ ಬಾಗಿಲಲ್ಲಿ ನಿಂತು ಒಂದೊಂದು ಕೋಳಿ ಸಿಕ್ಕಿದಾಗಲೂ ಅದರ ಗುಣಗಾನ ಮಾಡಿದಳು. ಆಮೇಲೆ ತಾನೇ ಮಸಾಲೆ ಅರೆದಳು. ಮಗನ ಯಜಮಾನಿಕೆ ತಪ್ಪಿದ ದುಃಖವನ್ನೆಲ್ಲ ಮೆಣಸಿನ ಮೇಲೆ ತೀರಿಸಿದ್ದರಿಂದ ಗಸಿ ಕೆಂಪಗೆ, ಬಹಳ ಚೆನ್ನಾಗಿ ಬಂತು.

ದೀಪ ಹಚ್ಚುವ ಹೊತ್ತಿಗೆ ಬೈಲಿನವರು ಚಾವಡಿಯಲ್ಲಿ ಸಾಲಾಗಿ ಕುಳಿತರು. ಹಿತ್ತಿಲಿನ ತುಂಬ ಗರಿ ಹಾರುತ್ತಿದ್ದದ್ದನ್ನು ಎಲ್ಲರೂ ಕಂಡೇ ಒಳಗೆ ಬಂದಿದ್ದರು. ಆದರೆ ಮೊದಲು ರೈಗಳು ಏನು ಹೇಳುತ್ತಾರೋ ನೋಡಬೇಕಿತ್ತು. ಅವರು ಇದು ಕೋಳಿ ಎಂದರೆ ಮನೆಗೆ ತೊಡೆ ಬಂದಿಲ್ಲ. ತೊಡೆ ಬಂದಿಲ್ಲವಾದರೆ ಸುಕುಮಾರ ಹೊರಡಬೇಕು.

ಸುಕುಮಾರ ಬಡಿಸಿದ. ರೈಗಳು ಅನ್ನಕ್ಕೆ ಗಸಿ ಕಲಸಿ ಒಂದು ತುತ್ತು ಹಾಕಿದರು. ಮತ್ತೊಂದು ಹಾಕಿದರು. ಹಣೆಯಲ್ಲಿ ಬೆವರು ಮೂಡಿತು. ಎಲೆ ಖಾಲಿ ಮಾಡಿ ಪುನಃ ಹಾಕಿಸಿಕೊಂಡರು. ಆಮೇಲೆ ಎಲೆಯಿಂದ ಒಂದು ಎಲುಬನ್ನು ಎತ್ತಿದರು. ಅದು ರೆಕ್ಕೆಯ ಎಲುಬು. ಅದರಲ್ಲಿ ಯಾವ ಸಂಶಯಕ್ಕೂ ಎಡೆಯಿರಲಿಲ್ಲ. ರೈಗಳು ಅದನ್ನು ದೀಪದ ಬೆಳಕಿಗೆ ಹಿಡಿದು, ಈಚೆಯಿಂದ ನೋಡಿದರು, ಆಚೆಯಿಂದ ನೋಡಿದರು. ಚಾವಡಿಯಲ್ಲಿ ಉಣ್ಣುವ ಕೈಗಳೆಲ್ಲ ನಿಂತವು. ಕೂಸಪ್ಪನ ಕಣ್ಣುಗಳು ತಾವಾಗಿ ಮುಚ್ಚಿಕೊಳ್ಳತೊಡಗಿದವು.

ರೈಗಳು ಎಲುಬನ್ನು ಬಾಯಿಗೆ ಹಾಕಿ, ಸೀಪಿ, ಎಲೆಯ ಬದಿಗಿಟ್ಟರು.

"ಹಂದಿ ಎಳತು," ಎಂದರು.

ಕುಂಞಣ್ಣ ಶೆಟ್ಟರು ಎಲೆಯ ಮುಂದೆ ನೆಟ್ಟಗೆ ಕುಳಿತರು.

"ಸುಕುಮಾರಾ, ಎಂತ ನೋಡ್ತಾ ನಿಂತಿದ್ದಿ? ರೈಗಳಿಗೆ ಇನ್ನೊಂದು ಸೌಟು ಹಂದಿ ಹಾಕು. ಹಾಕಿ ಆದ ಮೇಲೆ ಒಳಗೆ ಹೋಗಿ ಹೆಂಡತಿಗೆ ಹೇಳು, ಆ ಟ್ರಂಕನ್ನು ಅಟ್ಟಕ್ಕೆ ಏರಿಸ್ಲಿಕ್ಕೆ."